ಮಟ್ಟ

ಹಗ್ಗ ಮೊದಲು ದಾಟಿತು, ಆಮೇಲೆ ಹೋಸು.
ನಡುವೆ ನಾಲ್ಕು ಫೆಂಡರು, ಕೆಸರಿಗೆ ಬಿದ್ದ ಎಮ್ಮೆಗಳ ಹಾಗೆ
ಎರಡೂ ಕಡೆಯ ಕಬ್ಬಿಣಕ್ಕೆ ಮೈ ತಿಕ್ಕಿ ನರಳುತ್ತಿದ್ದವು.
ಸೌತ್‌ವೋಲ್ಡ್ ಊರು ಹತ್ತು ಮೈಲಿ, ಪಡುವಣಕ್ಕೆ.
ನಾನು ತದಡಿಯವನು, ನನಗೆ ಪಡುವಣವೆಂದರೆ ಕಡಲು.
ಇಲ್ಲಿ ಸೂರ್ಯ ನೆಲದೊಳಗೆ ಮುಳುಗಿದ,
ದೀಪಸ್ತಂಭ ಹತ್ತು ಸೆಕೆಂಡಿಗೊಮ್ಮೆ ಇಣುಕಿ
ನಾವಿನ್ನೂ ಇದ್ದೇವೋ ಎಂದು ನೋಡಿ ಹೋಗುತ್ತಿತ್ತು.

ನಮ್ಮದು ತುಂಬಿದ ಹಡಗು, ಕತ್ತಿನವರೆಗೆ ನೀರಲ್ಲಿ.
ಅವರದು ಖಾಲಿ, ಮಾಳಿಗೆಯೆತ್ತರ.
ಮೇಲೆ ಕಟಾಂಜನ ಹಿಡಿದು ಬಗ್ಗಿದ್ದ ಒಬ್ಬ,
ಹೆಲ್ಮೆಟ್ಟಿನ ಮೇಲೆ ಮಾರ್ಕರಿನಲ್ಲಿ ಹೆಸರು: ಬದ್ರಿ.
ನಮ್ಮವನೇ!
ಎಷ್ಟು ತಿಂಗಳಾಯಿತು
ಕನಸಿನ ಹೊರಗೆ ಕನ್ನಡ ಆಡಿ.

ಪಂಪು ಶುರುವಾಯಿತು.
ಯಾರೋ ಎಲ್ಲೋ ಕೂತು ಮಾರಿದರಂತೆ, ಯಾರೋ ಕೊಂಡರಂತೆ,
ನಾವು ಉಂಡು ಕೈ ತೊಳೆಯುವಷ್ಟರಲ್ಲಿ
ಎಣ್ಣೆಯ ಧಣಿ ಎರಡು ಸಲ ಬದಲಾದ.
ನಮಗೇನು. ಗೇಜು ನೋಡು, ಬರೆ. ಗೇಜು ನೋಡು, ಬರೆ.
ಲೋಸ್ಟಾಫ್ಟಿನ ಮೂರಿಂಗ್ ಮಾಸ್ಟರ್ ಥರ್ಕೆಟಲ್
ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಹೀರುತ್ತ
"ಈಶಾನ್ಯದ ಗಾಳಿ ಎದ್ದರೆ ಬಿಚ್ಚಿಬಿಡುವುದೇ" ಎಂದ, ಮೂರನೆಯ ಸಲ.

ಗಂಟೆಗೊಂದು ಮೊಳ ನಾವು ಏರಿದೆವು, ಅವರು ಇಳಿದರು.
ಮೀನು ತೂಗುವ ತಕ್ಕಡಿಗೂ ಇಷ್ಟು ಸೋಮಾರಿತನವಿಲ್ಲ.
ಮೊದಲು ಅವನ ಗಲ್ಲ, ಆಮೇಲೆ ಎದೆ,
ಬೆಲ್ಟಿಗೆ ಸಿಕ್ಕಿಸಿದ ವಾಕಿಟಾಕಿ.
ರಾತ್ರಿ ಎರಡಕ್ಕೆ ಕಣ್ಣಿಗೆ ಕಣ್ಣು.

"ಬದ್ರೀ, ಯಾವೂರು ಮಾರಾಯಾ?"
ಪಂಪಿನ ಗದ್ದಲದ ಮೇಲೆ ಕೂಗಿದೆ.
ಕಿವಿಗೆ ಕೈಯಿಟ್ಟ, ನಕ್ಕ, ಎದೆ ಮುಟ್ಟಿಕೊಂಡು
"ಬತುಮಿ" ಎಂದ. "ಜಾರ್ಜಿಯಾ."
ಬದ್ರಿ ಅಂತ ಅವರಲ್ಲೂ ಇಡುತ್ತಾರಂತೆ.

ಬಾಯಿಗೆ ಬಂದ ಮಾತು ಉಗುಳಿನ ಜೊತೆ ಒಳಗಿಳಿಯಿತು.
ಆದರೂ ನಿಂತೆವು.
ಅವನು ಏಳು ಬೆರಳೆತ್ತಿದ, ನಾನು ಒಂಬತ್ತು.
ಮೊಣಕಾಲಿನ ಹತ್ತಿರ ಅಂಗೈ ಹಿಡಿದು ತೋರಿಸಿದ:
ಇಷ್ಟುದ್ದ, ಮಗು.
ನಾನು ಸೊಂಟದ ಹತ್ತಿರ ತೋರಿಸಿದೆ. ಸುಳ್ಳು.
ಹೊರಟಾಗ ಅವಳೂ ಮೊಣಕಾಲಿನಷ್ಟೇ.
ಬೆಳೆದಿರಬೇಕು ಅಂತ ನಾನೇ ಎತ್ತಿಟ್ಟೆ.

ಬೆಳಗಿಗೆ ಅವನ ಹೆಲ್ಮೆಟ್ಟಿನ ನೆತ್ತಿ ಮಾತ್ರ.
ಲೆಕ್ಕ ತಾಳೆಯಾಗಲಿಲ್ಲ:
ನಾವು ಕೊಟ್ಟದ್ದಕ್ಕೂ ಅವರು ತಕ್ಕೊಂಡದ್ದಕ್ಕೂ
ಹನ್ನೊಂದು ಟನ್ ಫರಕು.
"ಯಾವಾಗಲೂ ಇರುತ್ತದೆ" ಎಂದ ಥರ್ಕೆಟಲ್,
ಮುಚ್ಚಳ ಒದರಿ
ಫ್ಲಾಸ್ಕಿಗೆ ತಿರುಪಿದ.