ಪ್ರೈಮರ್ ಹಚ್ಚಿದ ತಗಡು

ನಾಲ್ಕು ಫೂಟು ಬೈ ಎಂಟು. ತಗಡು ಬಂದಿದ್ದು ಸೋಮವಾರ.
ಕೆಂಪು ಪ್ರೈಮರ್ ಹಚ್ಚಿ, ಮ್ಯಾಲೆ ಹಳದಿ ಎರಡು ಕೋಟು ಎಳದು
ಬೆಟಗೇರಿಯೊಳಗ ಆಕಿ ಅಂಗಡಿ ನೆತ್ತಿಗೆ ಏರಿಸಿ
ನಿಚ್ಚಣಿಕಿ ಮ್ಯಾಲಿಂದ ಕೇಳಿದೆ:
ಏನಂತ ಬರೀಲಿ, ನೀಲಾಂಬಿಕಾ ಅವರ?

ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಪುಡಿ.
ಮೂರು ಒಲಿ, ಆರು ಮಂದಿ ಹೆಣ್ಮಕ್ಕಳು.
'ಬಾಳವ್ವ ಅಂತ ಬರೀರಿ' ಅಂದಳು,
'ನಮ್ಮವ್ವ. ರೊಟ್ಟಿ ಬಡಿಯೂದು ಆಕಿನ ಕಲಿಸಿದ್ದು.'
ಪೆನ್ಸಿಲ್ಲಿಲೆ ಬ ಬರದು ಇಳಿ ಎಳದಿದ್ದೆ ಅಷ್ಟ,
ಹುಬ್ಬಳ್ಳಿ ವಕೀಲರ ಫೋನು ಬಂತು.

ತಡೀರಿ. ಆ ಹೆಸರು ಬ್ಯಾರೆಯವರದೈತಿ.
ಗಡಿಯಾಚೆ ಒಂದು ಚಟ್ನಿಪುಡಿ ಕಂಪನಿ,
ಒಂಬತ್ತು ವರ್ಷದ ಹಿಂದ ನೋಂದಣಿ ಮಾಡ್ಯಾರ,
ತಿನ್ನೂ ಸಾಮಾನಿನ ಅದ ವರ್ಗದಾಗ.

ನೀಲಾಂಬಿಕಾ ಕೈಯಾಗಿನ ಹಿಟ್ಟು ಒಣಗೂ ಮಟ ಸುಮ್ಮನಿದ್ದಳು.
'ನಮ್ಮವ್ವ ತೀರಿ ಹನ್ನೆರಡು ವರ್ಷ ಆತು.
ಆಕಿ ಹೆಸರು ಯಾವಾಗ ಮಾರಿದ್ಲು?'

ನಾನು ಮುದುಕ, ನನಗ ಗೊತ್ತಿದ್ದಿದ್ದು ಕುಂಚದ ಶಾಣ್ಯಾತನ:
ಳ ತಗದು ಲ ಹಾಕೋಣ, ವ್ವ ತಗದು ಮ್ಮ ಹಾಕೋಣ,
ಬೇಕಾರ ಬ ಹೊಟ್ಟಿ ಸೀಳಿ ಭ ಮಾಡೋಣ.
ಫೋನಿನಾಗ ನಕ್ಕಳು ಆ ಹುಡಿಗಿ:
'ಅಜ್ಜಾರ, ಗಿರಾಕಿ ಕಿವಿಗೆ ಕಾಗುಣಿತ ಬರೂದಿಲ್ಲ.'

ಹಂಗಾರ 'ಗದಗ ರೊಟ್ಟಿ'?
ಅದು ಓಣಿ ಬಾವಿ. ಎಲ್ಲಾರೂ ಸೇದತಾರ,
ನಿಮ್ಮದಂತ ಬೇಲಿ ಹಾಕಾಕ ಬರೂದಿಲ್ಲ.
'ಬಿಳಿತೆನಿ'? ಅದು ಖಾಲಿ ಐತಿ,
ಆದರ ಇಂಟರ್ನೆಟ್ಟಿನಾಗ ಯಾವನೋ ಕೊಂಡು ಇಟ್ಟಾನ.
ತೆರದು ನೋಡಿದೆವು: ಕಲ್ಲು ನೆಟ್ಟು ಬಿಟ್ಟ ಪ್ಲಾಟು.
ಮನಿ ಇಲ್ಲ, ಗಿಡ ಇಲ್ಲ, ರೇಟು ಐತಿ.

ನನಗೂ ಸಿಟ್ಟು ಬಂದಿತ್ತು, ಖರೇ ಹೇಳತೇನಿ.
ನಲವತ್ತು ವರ್ಷದಾಗ ಒಂದ ಹೆಸರು
ಮೂರು ಊರಾಗ ಮೂವತ್ತು ಅಂಗಡಿಗೆ ಬರದೇನಿ,
ಯಾವನೂ ಬಂದು ಕೇಳಿಲ್ಲ.
ಆದರ ರಾತ್ರಿ ಮಲಗಿದಾಗ ನೆನಪಾತು,
ಲಕ್ಷ್ಮೇಶ್ವರದಾಗ ಒಬ್ಬ ಹುಡುಗ
'ಬಟೆ ಅಂಗಡಿ' ಅಂತ ಒತ್ತು ನುಂಗಿ ಬರದು
ಮೂಲಿಗೆ ನನ್ನ ಸಹಿ ಹಾಕಿದ್ದ: ದಾವಲ ಆರ್ಟ್ಸ್.
ಸಂತಿಯೊಳಗ ಮಂದಿ ನನ್ನ ನೋಡಿ ನಕ್ಕರು.
ಆ ಟ ಕೆಳಗಿನ ಖಾಲಿ ಜಾಗ ಈಗಲೂ ಚುಚ್ಚತೈತಿ.
ಆ ಚಟ್ನಿಪುಡಿಯವನಿಗೂ ಇಂಥಾದೊಂದು ಮೂಲಿ ಇದ್ದೀತು.

ಹದಿನೇಳು ದಿನ ಬೋರ್ಡು ಹಂಗ ನಿಂತಿತ್ತು.
ಹಳದಿ, ಬರೇ ಹಳದಿ.
ಗುಬ್ಬಿ ಕುಂತು ಹೋದವು.
ಮಗ್ಗದ ಓಣಿಯಿಂದ ಬಂದ ಹುಡುಗ ಅಂದ:
'ಬರೀ ಬೋರ್ಡಿನ ರೊಟ್ಟಿ ಹತ್ತು ಕೊಡ್ರಿ.'
ಆಟೋದವರು ಅಂದರು, ಬರೀ ಬೋರ್ಡಿನ ಹತ್ರ ಇಳೀರಿ.
ಸೀಮಂತದ ಮನಿಯವರು ಚೀಟಿ ಕಳಿಸಿದರು,
ಮ್ಯಾಲೆ ವಿಳಾಸ: ಬರೀ ಬೋರ್ಡು, ಬೆಟಗೇರಿ.

ನೀಲಾಂಬಿಕಾ ಚೀಟಿ ಹಿಡಕೊಂಡು ಫೋನು ಹಚ್ಚಿದಳು.
ಹುಡಿಗಿ ಹುಡುಕಿದಳು, ಮತ್ತೊಮ್ಮೆ ಹುಡುಕಿದಳು,
ಬಟ್ಟಿ ವರ್ಗ, ತಿನಸಿನ ವರ್ಗ, ಇಂಟರ್ನೆಟ್ಟು.
'ಯಾರದೂ ಅಲ್ಲ' ಅಂದಳು. 'ಇವತ್ತ ಅರ್ಜಿ ಹಾಕೋಣ.'

ಏರಿದೆ ನಿಚ್ಚಣಿಕಿ.
ಬರೀ ಬೋರ್ಡು ಅಂತ ಬರದ ಮ್ಯಾಲೆ
ಅದು ಬರೀ ಬೋರ್ಡು ಹೆಂಗ ಆದೀತು,
ಕೆಳಗ ನಿಂತ ಹೆಣ್ಮಕ್ಕಳು ಅದನ್ನ ಜಗಳಾಡಾಕ ಹತ್ತಿದ್ದರು.
ನಾನು ಮಾತಾಡಲಿಲ್ಲ. ಬ ಮೊದಲ ಇತ್ತಲ್ಲ,
ಪೆನ್ಸಿಲ್ ಗೆರಿ ಮ್ಯಾಲೆ ಕಪ್ಪು ತುಂಬಿದೆ.
ಮುಂದಿನ ಇಳಿ ಅಳಸಬೇಕಿತ್ತು.
ಅಳಸಲಿಲ್ಲ, ತೆಳ್ಳಗ ಹಳದಿ ಸವರಿ ಬಿಟ್ಟೆ.

ಸಂಜಿ ಐದೂವರಿಗೆ ಬಿಸಿಲು ಅಡ್ಡ ಬಿದ್ದಾಗ
ಸರಿಯಾಗಿ ಬಾಗಲದಾಗ ನಿಂತು ನೋಡಿದರ
ಬ ಪಕ್ಕದಾಗ ಅದು ಕಾಣತೈತಿ:
ಬಾ.