ಒಳಗೈ

ಕರಡು ಮಸೂದೆಗೆ ಅಭಿಪ್ರಾಯ ಕಳಿಸಲು ನಾಳೆ ಕಡೆಯ ದಿನ.
ಎರಡನೇ ಪುಟದಲ್ಲೇ ಸಿಕ್ಕಿಬಿದ್ದಿದ್ದೇನೆ, ಒಂದು ಪದಕ್ಕೆ:
ಕಾರ್ಟೆಲ್.
ಕೂಟ ಎಂದು ಬರೆದೆ, ಊಟ ನೆನಪಾಯಿತು.
ಒಳಒಪ್ಪಂದ ಎಂದೆ, ಚುನಾವಣೆ ನೆನಪಾಯಿತು.
ಕಡತ ಮುಚ್ಚಿ, ಸ್ಕೂಟಿ ಹತ್ತಿ,
ಗಂಜ್ ಕಡೆ ಹೊರಟೆ.

ರಾಯಚೂರಿಗೆ ಹತ್ತಿ ಬರುವ ಕಾಲ.
ಎಳೆ ಗಾಳಿಯಲ್ಲಿ, ಹುಬ್ಬಿನ ಮೇಲೆ,
ಚಹಾದ ಕೆನೆಯ ಮೇಲೆ.
ಅಂಡಿಗೆಗಳಿಗೆ ಬೆನ್ನು ಕೊಟ್ಟು ಅಮರಗುಂಡಪ್ಪ ಕೂತಿದ್ದ,
ನಲವತ್ತು ವರ್ಷ ದಲ್ಲಾಲಿ ಮಾಡಿ
ಈಗ ಅಳಿಯನ ಅಡತಿ ಕಟ್ಟೆಯಲ್ಲಿ ಬರೀ ಸಾಕ್ಷಿ.

ಕೇಳಿದೆ. ಆತ ಬಾಯಿ ಬಿಡಲಿಲ್ಲ.
ಹೆಗಲ ಟವೆಲ್ ಬಿಡಿಸಿ ನನ್ನ ಕೈಗೆ ಹೊದಿಸಿ
ಕೆಳಗಿನಿಂದ ಬೆರಳು ಹಿಡಿದ.
ಒಂದು. ಎರಡು. ಆಮೇಲೆ ಇಡೀ ಮುಷ್ಟಿ.
ಗೆಣ್ಣಿಗೆ ಒಂದು ಸಣ್ಣ ಚಿವುಟು.
ಮುಖ ಮಾತ್ರ ರಸ್ತೆಯಾಚೆ ಎಮ್ಮೆಯ ಕಡೆ.

"ಇದಕ್ಕೇನಂತೀರಿ ನಿಮ್ಮ ಕಾಯ್ದೆದಾಗ?
ಖರೀದಿಗೆ ನಾಕು ಮಂದಿ, ಅಂಗೈ ಮಾತ್ರ ಒಂದ.
ಮಾಲಿನವ ಟವೆಲ್ ನೋಡಕೋತ ನಿಂತಿರ್ತಿದ್ದ.
ಸುಳ್ಳ ಯಾಕ ಹೇಳ್ಲಿ ತಾಯಿ,
ನಾನೂ ಹಿಡದೀನಿ."

ಈಗ ಟವೆಲ್ಲಿಲ್ಲ. ಗೋಡೆಯ ಮೇಲೆ ಪರದೆ.
ಲಾಟ್ ಮುನ್ನೂರೆಂಟು:
ಏಳು ಸಾವಿರದ ನಲವತ್ತೊಂದು,
ಏಳು ಸಾವಿರದ ನಲವತ್ತು,
ಏಳು ಸಾವಿರದ ನಲವತ್ತು,
ಏಳು ಸಾವಿರದ ಮೂವತ್ತೊಂಬತ್ತು.
ನಾಲ್ಕು ಜಿನ್ನಿಂಗ್ ಮಿಲ್ಲು, ನಾಲ್ಕು ಹುಡುಗರು, ನಾಲ್ಕು ಮೊಬೈಲು.
ಒಬ್ಬನ ಮುಖ ಇನ್ನೊಬ್ಬ ನೋಡುವುದಿಲ್ಲ.
ಮುಂದಿನ ಲಾಟಿಗೆ ಮೇಲಿನವ ಕೆಳಗೆ, ಕೆಳಗಿನವ ಮೇಲೆ,
ಮಕ್ಕಳು ಜೋಕಾಲಿಗೆ ಸರದಿ ಹಚ್ಚಿದ ಹಾಗೆ.

ಚಾಂದಪಾಷಾನನ್ನು ತಡೆದು ನಿಲ್ಲಿಸಿದೆ.
"ರೇಟ್ ನಾನ್ ಹಾಕಲ್ಲ ಮೇಡಂ, ಆ್ಯಪ್ ಹೇಳ್ತೈತಿ,
ನಾನ್ ಒತ್ತತೀನಿ."
ಉಳಿದವರದು?
"ಅವರದೂ ಅದ ಆ್ಯಪ್."
ಅಂದವನೇ ನಕ್ಕ,
ಒಂದೇ ಕ್ಷೌರಿಕನ ಹತ್ತಿರ ಹೋಗುತ್ತೇವೆ ಎಂದಷ್ಟೇ ಸಲೀಸಾಗಿ.

ಕಾಯ್ದೆ ಕೇಳುವುದು: ಮನಸ್ಸುಗಳು ಕೂಡಿದ್ದೆಲ್ಲಿ?
ಯಾವ ಹೋಟೆಲು, ಎಷ್ಟು ಗಂಟೆ, ಯಾರ ಸಹಿ?
ಮನಸ್ಸೇ ಇಲ್ಲದ್ದು ಕೂಡಿದರೆ?
ಟವೆಲ್ ಹಿಡಿಯಲು ನಾವು ಬರುವ ಹೊತ್ತಿಗೆ
ಅದನ್ನು ಒಗೆದು ತಂತಿಗೆ ಹಾಕಿದ್ದಾರೆ.

ಇಲ್ಲಿಗೆ ಮುಗಿದಿದ್ದರೆ ಸುಲಭವಿತ್ತು.
ಕಪ್ಪು ತೊಳೆಯುತ್ತಿದ್ದ ನರಸಮ್ಮ ಕೇಳಿದಳು:
"ಗ್ಯಾಸ್ ಏರಿತಂತ ಏಳೂ ಗಾಡಿ ಮಂದಿ ಕೂಡಿ
ಚಾ ಹನ್ನೆರಡ ರೂಪಾಯಿ ಮಾಡೀವಿ.
ಬರಕೋ ನನ್ನ ಹೆಸರೂ.
ಹಮಾಲರದೂ ಬರಕೋ.
ಅಂಡಿಗಿಗೆ ಇಷ್ಟಂತ ಎಲ್ಲಾರೂ ಕೂಡೇ ಹೇಳ್ತಾರ,
ಒಬ್ಬೊಬ್ಬನ ಹೇಳಿದ್ರ ಕೇಳೋರ್ಯಾರು?"

ನಗಬೇಕೋ ಬೇಡವೋ ತಿಳಿಯಲಿಲ್ಲ.
ದಂಡ, ವಹಿವಾಟಿನ ಶೇಕಡಾ ಹತ್ತು:
ಮಿಲ್ಲಿಗಾದರೆ ಒಂದು ಗೋದಾಮು,
ಆಕೆಗೆ ಒಂದು ಕೆಟಲು, ಅರ್ಧ ಸಿಲಿಂಡರು,
ಮಗಳ ಬಸ್ ಪಾಸು.
ಹನ್ನೆರಡು ಕೊಟ್ಟೆ. ಚೌಕಾಸಿ ಮಾಡಲಿಲ್ಲ.

ರಾತ್ರಿ ಬರೆದೆ:
ಒಳಗೈ. ನಾಮಪದ.
ಕೈ ಕಾಣದಿದ್ದರೂ ಬೆಲೆಯ ಮೇಲೆ
ಬೆರಳಚ್ಚು ಬಿದ್ದಿರುವುದು.
ಕೈ ಮನುಷ್ಯನದೇ ಆಗಬೇಕೆಂದಿಲ್ಲ.
ಕೆಳಗೆ ಇನ್ನೊಂದು ಸಾಲು:
ಭಾರ ಹೊರುವ ಕೈಗಳು ಕೂಡಿದರೆ ಅದು
ಅಲ್ಲಿಗೇ ನಿಂತಿತು. ಹೊಡೆದೆ, ಮತ್ತೆ ಬರೆದೆ,
ಪೂರ್ಣವಿರಾಮ ಇಡಲಿಲ್ಲ.

ಹನ್ನೊಂದೂ ನಲವತ್ತಕ್ಕೆ ಜಾಲತಾಣಕ್ಕೆ ಏರಿಸಿ
ಸರಿಯಾಗಿ ಹೋಯಿತೇ ಎಂದು ತೆರೆದು ನೋಡಿದರೆ
ಒಂದಕ್ಷರವಿಲ್ಲ.
ಕನ್ನಡವಿದ್ದಲ್ಲೆಲ್ಲ ಚೌಕ, ಚೌಕ, ಚೌಕ,
ಸಾಲಾಗಿ, ತೂಕಕ್ಕಿಟ್ಟ ಅಂಡಿಗೆಗಳ ಹಾಗೆ,
ಒಳಗೆ ಏನೋ ತುಂಬಿ
ಬಾಯಿ ಹೊಲಿದದ್ದು.