ಒಂದಕ್ಕೆ ಇನ್ನೂರು

ಸೀಬ್ ಪೇಟೆಯ ಹಿಂದೆ ಹೊಸ ಬಡಾವಣೆ.
ಅದರ ಮಾದರಿ ನನ್ನ ಮೇಜಿನ ಮೇಲೆ:
ಒಂದಕ್ಕೆ ಇನ್ನೂರರ ಪ್ರಮಾಣ,
ನೂರಾ ಹನ್ನೆರಡು ಮನೆ, ಎಲ್ಲ ಬಿಳಿ ಅಕ್ರಿಲಿಕ್ಕು,
ಒಂದೊಂದರ ಹೊಟ್ಟೆಯಲ್ಲೂ ಹೆಸರುಕಾಳಿನಷ್ಟು ದೀಪ.
ಸಾಲಾಗಿ ಇಟ್ಟು ನೋಡಿದರೆ
ಸಂಕ್ರಾಂತಿಗೆ ಅಚ್ಚು ಬಿಡಿಸಿ ಆರಲಿಟ್ಟ
ಸಕ್ಕರೆ ಗೊಂಬೆಗಳು. ಒಂದಕ್ಕೂ ಮೂಗು ಮುರಿದಿಲ್ಲ.

ಪಕ್ಕದಲ್ಲಿ ಹಳೇ ಕೇರಿ.
ಬಿಡುವಂತಿಲ್ಲ, ನಕ್ಷೆಯಲ್ಲಿದೆ.
ಕುರುವಿಳ ಸಾರ್ ಅಂದರು:
'ಬೂದಿ ಬಣ್ಣದ ಫೋಮು ಕತ್ತರಿಸು, ತುಂಡು ತುಂಡು.
ಕಿಟಕಿ ಬೇಡ, ಬಾಗಿಲು ಬೇಡ.
ಕೊಳ್ಳುವವರ ಕಣ್ಣು ಅಲ್ಲಿ ನಿಲ್ಲಬಾರದು.'

ನಾನು ಕಿನ್ನಾಳದವನು.
ಹುಣಸೆ ಬೀಜದ ಅಂಟು ಅರೆದು ಬಲಿತ ಕೈ.
ಕಣ್ಣು ಬರೆಯದೆ ಗೊಂಬೆಯನ್ನು ಅಂಗಡಿಗೆ ಕಳಿಸಿದರೆ
ಅಜ್ಜ ಕುಂಚದ ಹಿಡಿಯಿಂದ ಬೆನ್ನಿಗೆ ಬಾರಿಸುತ್ತಿದ್ದ:
'ಕುರುಡ ಗೊಂಬಿ ಮಾರ್ತೀಯೇನಲೇ!'

ಎತ್ತರ ಅಳೆಯಲು ಒಂದು ಗುರುವಾರ ಕೇರಿಗೆ ಹೋದೆ.
ಟೇಪಿಗೆ ಸಿಗದ ಮನೆಗಳು.
ಮಗನ ಮದುವೆಗೊಂದು ಕೋಣೆ, ಮೊಮ್ಮಗ ಹುಟ್ಟಿದ್ದಕ್ಕೊಂದು ಮೆಟ್ಟಿಲು,
ಹಾದಿಗೆ ಅರ್ಧ ಅಡಿ ಚಾಚಿದ ಜಗಲಿ,
ತಾರಸಿಯಲ್ಲಿ ಒಣಗಲಿಟ್ಟ ಮೀನು, ಬಲೆ, ನೀರಿನ ಟ್ಯಾಂಕು.
ಉಪ್ಪುಗಾಳಿ ನೆಕ್ಕಿ ನೆಕ್ಕಿ
ಗೋಡೆಯ ಸುಣ್ಣ ಹಪ್ಪಳ ಎದ್ದಿದೆ.
ಮೂಲೆಯ ಮನೆಗೆ ತಗಡಿನ ಬಾಗಿಲು, ಗಿಳಿಹಸಿರು,
ಅದರ ಮೇಲೆ ಯಾರೋ ಬಿಡಿಸಿದ ಹಳದಿ ಕಾಫಿ ಹೂಜಿ.
ಮೂತಿ ತುಸು ಸೊಟ್ಟ.

ಒಳಗಿನಿಂದ ಮೌಝಾ ಅಜ್ಜಿ
ಖರ್ಜೂರದ ತಟ್ಟೆ ಹಿಡಿದು ಬಂದು
ನನ್ನ ಮುರುಕು ಅರಬ್ಬಿಯನ್ನು ತಾಳ್ಮೆಯಿಂದ ಜೋಡಿಸಿಕೊಂಡು ಕೇಳಿದಳು:
'ನಿನ್ನ ಗಾಜಿನ ಪೆಟ್ಟಿಗೆಯಲ್ಲಿ
ನನ್ನ ಮನೆ ಯಾವ ಕಡೆ ಮುಖ ಮಾಡಿದೆ?'
ಮುಖವೇ ಇಲ್ಲ ಎನ್ನಲು
ನನಗೆ ಅರಬ್ಬಿ ಬರಲಿಲ್ಲ.

ಆ ರಾತ್ರಿ ಎಲ್ಲರೂ ಹೋದ ಮೇಲೆ
ಮೂಲೆಯ ಫೋಮಿನ ತುಂಡಿಗೆ
ಕಿರುಬೆರಳ ಉಗುರಿನಷ್ಟು ಹಸಿರು,
ಹೂಜಿಗೆ ಸಾಸಿವೆಯಷ್ಟು ಹಳದಿ.
ಮೂತಿ ಸೊಟ್ಟ ಮಾಡಲು ಜಾಗ ಸಾಲಲಿಲ್ಲ.

ಉದ್ಘಾಟನೆಯ ದಿನ ಯಾರೂ ಗಮನಿಸಲಿಲ್ಲ.
ಕುರುವಿಳ ಸಾರ್ ಕಂಡರೋ ಏನೋ,
ಅಲ್ಲೇ ಗಾಜಿಗೆ ಬೆರಳಿಟ್ಟು, ತೆಗೆದು,
ಕರವಸ್ತ್ರದಿಂದ ಬೆರಳಚ್ಚು ಒರೆಸಿದರು.

ದೀಪಾವಳಿಯೊಳಗೆ ತೊಂಬತ್ತು ಮನೆ ಬಿಕರಿ.
ಬಂದವರಿಗೆ ತಮ್ಮ ಬಾಗಿಲು ತಮಗೇ ಗುರುತು ಸಿಗದೆ
ಪಕ್ಕದವರ ಬೀಗಕ್ಕೆ ಕೀಲಿ ತುರುಕಿದ ಕತೆಗಳು.
ಬಿರಿಯಾನಿ ತರುವ ಹುಡುಗನಿಗೆ, ಗ್ಯಾಸಿನ ಗಾಡಿಯವನಿಗೆ,
ಮೊದಲ ಸಲ ವಿಮಾನ ಹತ್ತಿ ಬಂದ ಬೀಗರಿಗೆ
ಅಷ್ಟೂ ಮನೆಯವರು ಹೇಳುತ್ತಿದ್ದುದು ಒಂದೇ ವಿಳಾಸ:
'ಹಸಿರು ಬಾಗಿಲು, ಹೂಜಿ ಇದೆ. ಅಲ್ಲಿಂದ ಎಡಕ್ಕೆ.'

ಅಜ್ಜಿಯ ಮಗ ಸಲ್ಮೀನ್ ಮಾತ್ರ
ಸಂಜೆಯೆಲ್ಲ ಹೊರಗೆ ಕೂತು
ಆ ಕಡೆ ನೋಡುತ್ತಿದ್ದ, ಈ ಕಡೆ ನೋಡುತ್ತಿದ್ದ.
ರಂಜಾನಿಗೆ ಮುಂಚೆ ತಗಡು ಕಿತ್ತು
ಅಲ್ಯೂಮಿನಿಯಂ ಹಾಕಿಸಿದ, ಎದುರಿನವರದ್ದೇ ಕಂದು,
ಗೋಡೆಗೂ ಅವರದ್ದೇ ಬಿಳಿ.
'ಚೆನ್ನಾಗಿದೆಯಾ?' ಅಂದ. ಚೆನ್ನಾಗಿಯೇ ಇತ್ತು.
ಅಜ್ಜಿಯೂ ಒಪ್ಪಿದಳು. ಕೀಲು ಈಗ ಕಿರುಗುಟ್ಟುವುದಿಲ್ಲ,
ಯಾರು ಬಂದರು, ಯಾರು ಹೋದರು ತಿಳಿಯುವುದಿಲ್ಲ, ಅಷ್ಟೇ.

ಮಾದರಿ ಸದ್ಯ ವಾದಿ ಕಬೀರಿನ ಗೋದಾಮಿನಲ್ಲಿ,
ಮೇಲೊಂದು ಪ್ಲಾಸ್ಟಿಕ್ ಹಾಳೆ, ದೀಪದ ತಂತಿ ಬಿಚ್ಚಿದ್ದಾರೆ.

ನಿನ್ನೆ ಆ ಕೇರಿಗೆ ರೊಟ್ಟಿ ತರಲು ಹೋಗಿದ್ದೆ.
ಬೈಕಿನ ಹುಡುಗ, ಹೊಸಬ, ಫೋನಿನಲ್ಲಿ ದಾರಿ ಕೇಳುತ್ತಿದ್ದ.
ಆಚೆಯ ದನಿ ನನಗೂ ಕೇಳುವಷ್ಟು ಜೋರು:
'ಹಸಿರು ಬಾಗಿಲಿಂದ ಎಡಕ್ಕೆ!'
ಕಂದು ಬಾಗಿಲ ಮುಂದೆಯೇ ನಿಂತು
ಅವನು ಸುತ್ತಲೂ ನೋಡಿದ.
ನಾನು ಕೈ ತೋರಿಸಿದೆ.